ಹೈಬ್ರಿಡ್ ಕಾರು: ಅಣ್ಣಿಗೇರಿಯ ಲೆಕ್ಕ



ಕಾರು ಕೊಳ್ಳಲು ಅಣ್ಣಿಗೇರಿಯಿಂದ ಹುಬ್ಬಳ್ಳಿಯ ಶೋರೂಮಿಗೆ ಹೋದವರು ಈಗ ಹೈಬ್ರಿಡ್ ಎಂಬ ಮಾತು ಕೇಳದೆ ಮರಳುವುದಿಲ್ಲ. ಬೆಲೆ ಹೆಚ್ಚು, ಮೈಲೇಜೂ ಹೆಚ್ಚು. ಹಾಗಾದರೆ ಹೆಚ್ಚಿಗೆ ಕೊಟ್ಟ ಹಣ ಯಾವಾಗ ಕೈಗೆ ಮರಳುತ್ತದೆ?

ಈ ಕಾರಿನಲ್ಲಿ ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟರ್ ಮತ್ತು ಬ್ಯಾಟರಿ ಇರುತ್ತವೆ. ಬರಿ ಪೆಟ್ರೋಲ್ ಕಾರುಗಳಲ್ಲಿ ಬ್ರೇಕ್ ಒತ್ತಿದಾಗ ಓಟದ ಶಕ್ತಿಯೆಲ್ಲ ಬಿಸಿಯಾಗಿ ಹಾಳಾಗುತ್ತದೆ. ಇಲ್ಲಿ ಮೋಟರೇ ಡೈನಮೋ ಆಗಿ ಅದರಲ್ಲೊಂದು ಪಾಲನ್ನು ಬ್ಯಾಟರಿಗೆ ತುಂಬುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲುತ್ತದೆ, ಹೊರಡುವಾಗ ಉಳಿಸಿದ ವಿದ್ಯುತ್ತು ಗಾಲಿ ತಿರುಗಿಸುತ್ತದೆ. ಪ್ಲಗ್ ಹಾಕುವ ಗೊಡವೆ ಇಲ್ಲದ್ದರಿಂದ ಊರಲ್ಲಿ ಕರೆಂಟ್ ಹೋದರೂ ಚಿಂತೆಯಿಲ್ಲ. ಆದರೆ ‘ಮೈಲ್ಡ್ ಹೈಬ್ರಿಡ್’ ಎಂದರೆ ಮೋಸಹೋಗಬೇಡಿ. ಅದರ ಸಣ್ಣ ಮೋಟರ್ ಎಂಜಿನ್ನಿಗೆ ಕೈಜೋಡಿಸುತ್ತದೆ ಅಷ್ಟೆ, ಒಂಟಿಯಾಗಿ ಕಾರನ್ನು ಎಳೆಯದು.

ನಮ್ಮ ರಾಜ್ಯದ ಬಿಡದಿಯಲ್ಲೇ ತಯಾರಾಗುವ ಟೊಯೋಟಾ ಇನೋವಾ ಹೈಕ್ರಾಸ್ ನೋಡೋಣ. ಕಂಪನಿ ಹೇಳುವಂತೆ ಬರಿ ಪೆಟ್ರೋಲ್ ಮಾದರಿ ಲೀಟರಿಗೆ 16.13 ಕಿಲೋಮೀಟರ್, ಹೈಬ್ರಿಡ್ ಮಾದರಿ 23.24 ಕಿಲೋಮೀಟರ್ ಓಡುತ್ತದೆ. ಅಂದರೆ 10,000 ಕಿಲೋಮೀಟರಿಗೆ ಸುಮಾರು 190 ಲೀಟರ್ ಉಳಿತಾಯ. ಲೀಟರಿಗೆ 100 ರೂಪಾಯಿ ಹಿಡಿದರೆ 19,000 ರೂಪಾಯಿ. ವರ್ಷಕ್ಕೆ ಅಷ್ಟೇ ಓಡಿಸುವ ಮನೆಯವರಿಗೆ ಹೆಚ್ಚುವರಿ ಬೆಲೆಯ ಒಂದೊಂದು ಲಕ್ಷ ಮರಳಲೂ ಐದು ವರ್ಷಕ್ಕೂ ಮೇಲೆ ಬೇಕು. 40,000 ಓಡಿಸುವ ಬಾಡಿಗೆ ಗಾಡಿಯವರಿಗೆ ಒಂದೂಕಾಲು ವರ್ಷದ ಆಸುಪಾಸು ಸಾಕು.

ಕಂಪನಿಯ ಈ ಮೈಲೇಜ್ ಪರೀಕ್ಷೆಯ ಅಂಕಿ. ದಾರಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಗದಗ–ಹುಬ್ಬಳ್ಳಿ ಹೆದ್ದಾರಿ ಎರಿ ಹೊಲಗಳ ನಡುವೆ ಸಮತಟ್ಟಾಗಿ ಸಾಗುತ್ತದೆ. ಒಂದೇ ವೇಗದಲ್ಲಿ ಹೋದರೆ ಬ್ರೇಕಿಗೆ ಕೆಲಸ ಕಡಿಮೆ, ಉಳಿತಾಯವೂ ಕಡಿಮೆ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಸುತ್ತ ನಿಂತು ನಿಂತು ಸಾಗುವಾಗಲೇ ಹೈಬ್ರಿಡ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ. ಇನ್ನು ಮಳೆಗಾಲದಲ್ಲಿ ಎರಿಮಣ್ಣಿನ ಹೊಲದ ದಾರಿಗೆ ಇದರಿಂದ ವಿಶೇಷ ಅನುಕೂಲವೇನೂ ಇಲ್ಲ.

ಬ್ಯಾಟರಿಯ ಭಯ ಹಲವರಿಗಿದೆ. ಟೊಯೋಟಾ ಅದಕ್ಕೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಕೊಡುತ್ತದೆ. ಬ್ಯಾಟರಿಗೆ ಗಾಳಿ ಹೋಗುವ ಕಿಂಡಿಯಲ್ಲಿ ಧೂಳು ತುಂಬದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಹೊಣೆ.

ಆದ್ದರಿಂದ ಶೋರೂಮಿಗೆ ಹೋಗುವ ಮೊದಲು ಎರಡು ಸಂಗತಿ ಬರೆದಿಟ್ಟುಕೊಳ್ಳಿ: ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ, ಅದರಲ್ಲಿ ಪೇಟೆಯ ಓಡಾಟ ಎಷ್ಟು. ಎರಡೂ ಹೆಚ್ಚಿದ್ದರೆ ಹೈಬ್ರಿಡ್ ಧೈರ್ಯವಾಗಿ ಕೊಳ್ಳಿ. ಎರಡೂ ಕಡಿಮೆ ಇದ್ದರೆ ಆ ಹಣ ನಿಮ್ಮಲ್ಲೇ ಇರಲಿ.