ಸಾಹಸ ಯಾರದು, ಬಂಡವಾಳ ಯಾರದು?

(ಬೆಂಗಳೂರಿನ ನವೋದ್ಯಮಗಳನ್ನು ಕುರಿತ ಉಪನ್ಯಾಸದ ಪಠ್ಯ)

1978ರ ನವೆಂಬರಿನಲ್ಲಿ ಬೆಂಗಳೂರಿನ ಕೋರಮಂಗಲದ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದ ಒಂದು ಕಂಪೆನಿ ಹುಟ್ಟಿತು. ಅದನ್ನು ಹುಟ್ಟುಹಾಕಿದ ಕಿರಣ್ ಮಜುಂದಾರ್ ಅವರಿಗೆ ಆಗ ಇಪ್ಪತ್ತೈದು ವರ್ಷ. ಆಸ್ಟ್ರೇಲಿಯದ ಬಲ್ಲಾರಟ್‌ನಲ್ಲಿ ಬಿಯರ್ ತಯಾರಿಕೆಯ ವಿದ್ಯೆ ಕಲಿತು ಬಂದಿದ್ದ ಅವರಿಗೆ ಇಲ್ಲಿನ ಯಾವ ಬ್ರೂವರಿಯೂ ಆ ಕೆಲಸ ಕೊಡಲಿಲ್ಲ. ಹೆಂಗಸು ಎಂಬುದೇ ಕಾರಣ. ಐರ್ಲೆಂಡಿನ ಕಂಪೆನಿಯೊಂದರ ಪಾಲುದಾರಿಕೆಯಲ್ಲಿ ಅವರು ಆರಂಭಿಸಿದ್ದು ಪರಂಗಿ ಕಾಯಿಯ ಹಾಲಿನಿಂದ ಪಪೈನ್ ಎಂಬ ಕಿಣ್ವವನ್ನೂ ಮೀನಿನ ಗಾಳಿಚೀಲದಿಂದ ಬಿಯರ್ ತಿಳಿಗೊಳಿಸುವ ಪದಾರ್ಥವನ್ನೂ ತೆಗೆದು ರಫ್ತು ಮಾಡುವ ಕೆಲಸವನ್ನು. ಇದೇ ಬಯೋಕಾನ್.

ಇಂದು ಸ್ಟಾರ್ಟ್‌ಅಪ್ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಪತ್ರಿಕೆಗಳು ಅದನ್ನು ನವೋದ್ಯಮ ಎಂದು ಕನ್ನಡಿಸಿಕೊಂಡಿವೆ. ಆ ಗ್ಯಾರೇಜಿನ ಕಾಲದಲ್ಲಿ ಇಲ್ಲಿ ಆ ಮಾತು ಬಳಕೆಯಲ್ಲಿರಲಿಲ್ಲ. ಅಂಥದಕ್ಕೆ ಹಣ ಹಾಕುವವರಂತೂ ಇರಲೇ ಇಲ್ಲ. ಜೈವಿಕ ತಂತ್ರಜ್ಞಾನ ಎಂದರೆ ಏನೆಂದು ಬ್ಯಾಂಕುಗಳಿಗೆ ತಿಳಿಯದು; ಅಡವಿಡಲು ಆಸ್ತಿ ಇಲ್ಲದ ತರುಣಿಗೆ ಸಾಲ ಕೊಡುವ ಧೈರ್ಯವೂ ಇಲ್ಲ. ಐ.ಸಿ.ಐ.ಸಿ.ಐ.ಯ ಎನ್. ವಾಘುಲ್ ಅವರ ಬೆಂಬಲದಿಂದ ಎರಡೂವರೆ ಲಕ್ಷ ಡಾಲರುಗಳ ಸಾಹಸ ಬಂಡವಾಳ ದೊರೆತದ್ದು 1987ರಲ್ಲಿ. ಅಂದರೆ ಒಂಬತ್ತು ವರ್ಷ ಕಳೆದ ಮೇಲೆ. 2004ರಲ್ಲಿ ಷೇರುಪೇಟೆಗೆ ಬಂದ ಮೊದಲ ದಿನವೇ ಆ ಕಂಪೆನಿಯ ಬೆಲೆ ನೂರು ಕೋಟಿ ಡಾಲರ್ ದಾಟಿತು ಎಂಬುದು ಎಲ್ಲರಿಗೂ ನೆನಪಿರುತ್ತದೆ. ನಡುವಿನ ಇಪ್ಪತ್ತಾರು ವರ್ಷ ಮಾತ್ರ ಯಾರಿಗೂ ನೆನಪಿರುವುದಿಲ್ಲ.

‘ಸಾಹಸ ಬಂಡವಾಳ’ ಎಂಬ ಪದವನ್ನು ಬಿಡಿಸಿ ನೋಡುವುದು ಒಳ್ಳೆಯದು. ಬಂಡವಾಳ ಒಬ್ಬರದು, ಸಾಹಸ ಇನ್ನೊಬ್ಬರದು ಆಗಿರಬಹುದಲ್ಲವೆ? ಇನ್ಫೋಸಿಸ್ 1981ರಲ್ಲಿ ಪುಣೆಯಲ್ಲಿ ಆರಂಭವಾದಾಗ ಅದರ ಮೂಲಧನ ಸುಧಾ ಮೂರ್ತಿಯವರು ಕೂಡಿಟ್ಟಿದ್ದ ಹತ್ತು ಸಾವಿರ ರೂಪಾಯಿ. ಅವರು ಆಗ ವಾಲ್‌ಚಂದ್ ಸಮೂಹದಲ್ಲಿ ಉದ್ಯೋಗದಲ್ಲಿದ್ದರು. ಗಂಡ ಸಂಬಳ ಬಿಟ್ಟು ಕಂಪೆನಿ ಕಟ್ಟುವಾಗ ಮನೆಗೆ ಸಂಬಳ ಬರುತ್ತಿತ್ತು ಎಂಬ ಈ ಸಣ್ಣ ಸಂಗತಿಯನ್ನು ಯಶೋಗಾಥೆಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಲೆಕ್ಕಪತ್ರದಲ್ಲಿ ಅದನ್ನು ಬರೆಯುವುದಾದರೆ ಮೊದಲ ಸಾಹಸ ಬಂಡವಾಳಗಾರ್ತಿ ಎಂದೇ ಬರೆಯಬೇಕು.

1983ರಲ್ಲಿ ಆ ಕಂಪೆನಿ ಬೆಂಗಳೂರಿಗೆ ಬಂತು. ಬಂದದ್ದು ಬರಿಯ ತಂಪು ಹವೆಗಾಗಿ ಎಂದುಕೊಳ್ಳುವುದು ಈ ಊರಿಗೆ ಮಾಡುವ ಅನ್ಯಾಯ. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ, 1940ರ ವಿಮಾನ ಕಾರ್ಖಾನೆ, ಅದರ ಹಿಂದೆಯೇ ಬಂದ ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್.ಗಳು ಎರಡು ತಲೆಮಾರುಗಳ ಎಂಜಿನಿಯರುಗಳನ್ನೂ ಕುಶಲಕರ್ಮಿಗಳನ್ನೂ ಇಲ್ಲಿ ನೆಲೆಗೊಳಿಸಿದ್ದವು. ಆರ್.ಕೆ. ಬಾಳಿಗರ ಮುಂದಾಲೋಚನೆಯಿಂದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರದ ಬಳಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಜಾಗ ಮಾಡಿದ್ದು ಎಪ್ಪತ್ತರ ದಶಕದಲ್ಲೇ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆದು ಉಪಗ್ರಹದ ಮೂಲಕ ಅಮೆರಿಕಕ್ಕೆ ಕೆಲಸ ಕಳಿಸತೊಡಗಿತು. ಖಾಸಗಿ ಸಾಹಸದ ಈ ನಗರವನ್ನು ಕಟ್ಟಿದ್ದು ಬಹುಮಟ್ಟಿಗೆ ಸರ್ಕಾರಿ ಹಣ. ಇದನ್ನು ಹೇಳಿದರೆ ಕೆಲವರಿಗೆ ಇರುಸುಮುರುಸಾಗುವುದುಂಟು.

ನವೋದ್ಯಮ ಎಂಬುದು ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ರೆಡ್‌ಬಸ್‌ನ ಕಥೆಯಷ್ಟು ಒಳ್ಳೆಯ ಉದಾಹರಣೆ ಮತ್ತೊಂದಿಲ್ಲ. ಹಬ್ಬದ ಹಿಂದಿನ ದಿನ ಕಲಾಸಿಪಾಳ್ಯದಲ್ಲೋ ಆನಂದರಾವ್ ಸರ್ಕಲ್ಲಿನಲ್ಲೋ ಮಡಿವಾಳದಲ್ಲೋ ಖಾಸಗಿ ಬಸ್ಸಿನ ಸೀಟಿಗಾಗಿ ಅಲೆದವರಿಗೆ ಇದು ಬೇಗ ಅರ್ಥವಾಗುತ್ತದೆ. 2005ರ ದೀಪಾವಳಿಗೆ ಫಣೀಂದ್ರ ಸಾಮ ಎಂಬ ತರುಣ ಎಂಜಿನಿಯರ್ ಬೆಂಗಳೂರಿನಿಂದ ಆಂಧ್ರದ ತಮ್ಮ ಊರಿಗೆ ಹೋಗಲು ಏಜೆಂಟರಿಂದ ಏಜೆಂಟರಿಗೆ ಅಲೆದರು. ಟಿಕೆಟ್ ಸಿಗಲಿಲ್ಲ. ಅವರನ್ನು ಕಾಡಿದ್ದು ಸೀಟು ಇರಲಿಲ್ಲ ಎಂಬುದಲ್ಲ. ಎಲ್ಲೋ ಒಂದು ಬಸ್ಸಿನಲ್ಲಿ ಸೀಟು ಖಾಲಿ ಇದ್ದಿರಬಹುದು, ಆದರೆ ಅದು ತಮ್ಮ ಮುಂದೆ ಕುಳಿತ ಏಜೆಂಟನಿಗೆ ಗೊತ್ತಿಲ್ಲ ಎಂಬುದು.

ಆ ವ್ಯವಹಾರ ನಡೆಯುತ್ತಿದ್ದ ರೀತಿ ಹೀಗಿತ್ತು. ಬಸ್ಸಿನ ಮಾಲೀಕನ ಬಳಿ ಸೀಟುಗಳ ಒಂದು ಕಾಗದದ ನಕ್ಷೆ. ಏಜೆಂಟ್ ಫೋನು ಮಾಡಿ ಕೇಳಬೇಕು, ಆ ಕಡೆಯವನು ನಕ್ಷೆಯಲ್ಲಿ ಗುರುತು ಹಾಕಬೇಕು. ಪ್ರತಿ ಏಜೆಂಟನಿಗೂ ಪರಿಚಯವಿರುವುದು ಕೆಲವೇ ಮಾಲೀಕರು. ಕಮಿಷನ್ ಹೆಚ್ಚು ಕೊಡುವವರ ಬಸ್ಸನ್ನೇ ಮೊದಲು ಹೇಳುವುದು ಸಹಜ. ಬಸ್ ಹೊರಡುವ ಹೊತ್ತಿಗೆ ಒಂದು ಕಡೆ ಪ್ರಯಾಣಿಕರು ಬೀದಿಯಲ್ಲಿ, ಇನ್ನೊಂದು ಕಡೆ ಸೀಟುಗಳು ಖಾಲಿ. ಬಿಟ್ಸ್ ಪಿಲಾನಿಯಲ್ಲಿ ಓದಿದ ಗೆಳೆಯರು ಸೇರಿ ಇದಕ್ಕೊಂದು ತಂತ್ರಾಂಶ ಬರೆದು ಪುಕ್ಕಟೆಯಾಗಿ ಕೊಡಲು ಹೋದರು. ಯಾರಿಗೂ ಬೇಕಾಗಲಿಲ್ಲ! ಫೋನಿನಲ್ಲಿ ನಡೆಯುತ್ತಿರುವ ವ್ಯಾಪಾರವನ್ನು ಕಂಪ್ಯೂಟರಿಗೆ ಯಾಕೆ ಕೊಡಬೇಕು? ಆಮೇಲೆ ಅವರು ದಾರಿ ಬದಲಿಸಿ, ಕೆಲವು ಸೀಟುಗಳನ್ನು ಮಾರಿಕೊಡುತ್ತೇವೆ ಎಂದು ತಾವೇ ಏಜೆಂಟರಾದರು. 2006ರ ಆಗಸ್ಟಿನಲ್ಲಿ ಮೊದಲ ಟಿಕೆಟ್ ಮಾರಾಟವಾಯಿತು. ಮಾಲೀಕರಿಗೆ ಬೇಕಾಗುವ ತಂತ್ರಾಂಶ ಬಂದದ್ದು ನಂತರ, ನಂಬಿಕೆ ಬೆಳೆದ ಮೇಲೆ. 2013ರಲ್ಲಿ ಈ ಕಂಪೆನಿಯನ್ನು ಐಬಿಬೊ ಕೊಂಡುಕೊಂಡಿತು.

ಇಲ್ಲಿ ಜಯಿಸಿದ್ದು ತಂತ್ರಾಂಶದ ಜಾಣತನವೋ ಕಲಾಸಿಪಾಳ್ಯದ ವ್ಯವಹಾರಜ್ಞಾನವೋ ಎಂದು ಕೇಳಿದರೆ ಎರಡನೆಯದು ಎನ್ನಬೇಕಾಗುತ್ತದೆ. ಇದಕ್ಕೆ ವಿರುದ್ಧವಾದ ನಿದರ್ಶನ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪೆನಿಯ ಎಂಜಿನಿಯರುಗಳೂ ಸೇರಿ, ಓದು ಬಾರದವರಿಗೂ ಎಟುಕುವ, ಭಾರತೀಯ ಭಾಷೆಗಳಲ್ಲಿ ಮಾತನಾಡುವ ಅಂಗೈಯಗಲದ ಕಂಪ್ಯೂಟರನ್ನು ರೂಪಿಸಿದರು. 2001ರಲ್ಲಿ ಅದು ಲೋಕದ ಗಮನ ಸೆಳೆಯಿತು. ಬಾಗಿಸಿದರೆ ಸ್ಪಂದಿಸುವ ಗುಣ ಅದಕ್ಕೆ ಐಫೋನಿಗಿಂತ ಮೊದಲೇ ಇತ್ತು. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು, ಆದರೆ ಕೊಳ್ಳುವವರು ಬರಲಿಲ್ಲ.

ಕನ್ನಡಕ್ಕೆ ಸಂಬಂಧಿಸಿದ ಇನ್ನೊಂದು ಪ್ರಸಂಗವಿದೆ. ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿದ ಅಪ್ರಮೇಯ ರಾಧಾಕೃಷ್ಣ 2011ರಲ್ಲಿ ಟ್ಯಾಕ್ಸಿಫಾರ್‌ಶೂರ್ ಆರಂಭಿಸಿದವರಲ್ಲಿ ಒಬ್ಬರು. 2015ರಲ್ಲಿ ಓಲಾ ಅದನ್ನು 20 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷವೇ ಮುಚ್ಚಿತು, ನೂರಾರು ಮಂದಿ ಕೆಲಸ ಕಳೆದುಕೊಂಡರು. ಅದೇ ಅಪ್ರಮೇಯ ಮತ್ತು ಮಯಾಂಕ್ ಬಿಡವತ್ಕಾ ಆಮೇಲೆ ಕಟ್ಟಿದ ‘ಕೂ’ ಮೊದಲು ಮಾತನಾಡಿದ್ದು ಕನ್ನಡದಲ್ಲಿ. ಹಳದಿ ಹಕ್ಕಿಯ ಈ ಆ್ಯಪ್ 2020ರಲ್ಲಿ ಕೇಂದ್ರ ಸರ್ಕಾರದ ಸ್ಪರ್ಧೆಯಲ್ಲಿ ಬಹುಮಾನ ಪಡೆಯಿತು, ಮಂತ್ರಿಗಳೂ ಕ್ರಿಕೆಟಿಗರೂ ಸೇರಿಕೊಂಡರು. 2024ರ ಜುಲೈಯಲ್ಲಿ ಅದು ನಿಂತಿತು. ಹೊಸ ಹಣ ಬರಲಿಲ್ಲ, ಕೊಳ್ಳುವವರೊಡನೆ ಮಾತುಕತೆ ಕುದುರಲಿಲ್ಲ.

ಒಂದು ಕಂಪೆನಿ ಚೆನ್ನಾಗಿ ನಡೆಯುತ್ತಿರುವಂತೆ ಕಾಣುತ್ತಿರುವಾಗಲೇ ಹೀಗೆ ನಿಲ್ಲುವುದೇಕೆ? ಉತ್ತರ ಬಂಡವಾಳದ ಸ್ವಭಾವದಲ್ಲಿದೆ. ಸಾಹಸ ಬಂಡವಾಳದ ನಿಧಿಗೆ ಸಾಮಾನ್ಯವಾಗಿ ಹತ್ತು ವರ್ಷದ ಆಯುಸ್ಸು. ಅಷ್ಟರೊಳಗೆ ಹಣ ಬೆಳೆದು ಹಿಂದಿರುಗಬೇಕು. ಹತ್ತಾರು ಕಂಪೆನಿಗಳಲ್ಲಿ ಹಣ ಹೂಡಿ, ಹೆಚ್ಚಿನವು ಮುಳುಗುತ್ತವೆ, ಒಂದೆರಡು ನೂರು ಪಟ್ಟು ಬೆಳೆದು ಎಲ್ಲ ನಷ್ಟವನ್ನೂ ತುಂಬುತ್ತವೆ ಎಂಬುದು ಅವರ ಲೆಕ್ಕ. ಹೀಗಾಗಿ ನಿಧಾನವಾಗಿ ಲಾಭ ಮಾಡುವ ಕಂಪೆನಿ ಅವರ ದೃಷ್ಟಿಯಲ್ಲಿ ಸೋತ ಕಂಪೆನಿಯೇ. ಇದರಲ್ಲಿ ಮೋಸವಿಲ್ಲ. ಆದರೆ ಹತ್ತಾರು ಕುದುರೆಗಳ ಮೇಲೆ ಪಣ ಕಟ್ಟಿದವನಿಗೂ ಒಂದೇ ಕುದುರೆಯ ಬೆನ್ನ ಮೇಲೆ ಕುಳಿತವನಿಗೂ ವ್ಯತ್ಯಾಸವಿದೆ. ನೌಕರನದು ಎರಡನೆಯ ಸ್ಥಿತಿ.

ನೌಕರರಿಗೆ ಸಂಬಳದ ಜೊತೆ ಕಂಪೆನಿಯ ಷೇರು ಕೊಳ್ಳುವ ಹಕ್ಕನ್ನು ಕೊಡುವುದು ಈ ಕಂಪೆನಿಗಳ ರೂಢಿ. ಇಸಾಪ್ ಎಂದು ಕರೆಯುತ್ತಾರೆ. 1994ರಲ್ಲಿ ಇದನ್ನು ತಂದ ಇನ್ಫೋಸಿಸ್‌ನಲ್ಲಿ ಅನೇಕ ಸಾಮಾನ್ಯ ನೌಕರರೂ ಲಕ್ಷಾಧೀಶರಾದದ್ದು ನಿಜ. ಆದರೆ ಈ ಹಕ್ಕು ಒಮ್ಮೆಗೇ ಕೈಗೆ ಬರುವುದಿಲ್ಲ. ಮೊದಲ ಒಂದು ವರ್ಷ ಏನೂ ಇಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಕಂತುಕಂತಾಗಿ ಬರುತ್ತದೆ. ಕೊಳ್ಳುವಾಗ, ಷೇರಿನ ಅಂದಿನ ಬೆಲೆಗೂ ಕೊಟ್ಟ ಬೆಲೆಗೂ ಇರುವ ಅಂತರವನ್ನು ಸಂಬಳವೆಂದೇ ಎಣಿಸಿ ತೆರಿಗೆ ಹಾಕುತ್ತಾರೆ. ಷೇರು ಮಾರಿ ಹಣ ಬಂದಿರದಿದ್ದರೂ ತೆರಿಗೆ ತೆರಬೇಕು. 2020ರ ಬಜೆಟ್ಟಿನಲ್ಲಿ ಕೊಟ್ಟ ಮುಂದೂಡಿಕೆಯ ಸೌಲಭ್ಯ ಸರ್ಕಾರದ ವಿಶೇಷ ಮಾನ್ಯತೆ ಪಡೆದ ನವೋದ್ಯಮಗಳಿಗಷ್ಟೇ.

ಇನ್ನೊಂದು ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಹೂಡಿಕೆದಾರರು 40 ಕೋಟಿ ರೂಪಾಯಿ ಹಾಕಿರುವ ಒಂದು ಕಂಪೆನಿಯ ಬೆಲೆ ಕಾಗದದ ಮೇಲೆ 200 ಕೋಟಿ ಎಂದಿಟ್ಟುಕೊಳ್ಳಿ. ನೂರರಲ್ಲಿ ಹತ್ತನೆಯ ಒಂದು ಪಾಲು, ಅಂದರೆ 0.1 ಪ್ರತಿಶತ ಪಡೆದ ಎಂಜಿನಿಯರ್ ತನ್ನ ಬಳಿ 20 ಲಕ್ಷ ಇದೆ ಎಂದು ತಿಳಿಯುತ್ತಾನೆ, ಮನೆ ಸಾಲಕ್ಕೂ ಮನಸ್ಸು ಮಾಡುತ್ತಾನೆ. ಕಂಪೆನಿ ಕೊನೆಗೆ 40 ಕೋಟಿಗೆ ಮಾರಾಟವಾಯಿತು. ಆತನಿಗೆ ನಾಲ್ಕು ಲಕ್ಷವಾದರೂ ಬರಬೇಕಲ್ಲ? ಬರುವುದಿಲ್ಲ. ಹಾಕಿದ ಹಣವನ್ನು ಮೊದಲು ಹಿಂದೆ ಪಡೆಯುವ ಹಕ್ಕು ಒಪ್ಪಂದದಲ್ಲಿ ಹೂಡಿಕೆದಾರರಿಗೆ ಇರುತ್ತದೆ. 40 ಕೋಟಿಯೂ ಅವರಿಗೆ ಹೋಗಿ ಎಂಜಿನಿಯರನ ಪಾಲಿಗೆ ಸೊನ್ನೆ ಉಳಿಯುತ್ತದೆ. ಕೆಲಸಕ್ಕೆ ಸೇರುವ ಹುಡುಗರು ಕೇಳಬೇಕಾದ ಪ್ರಶ್ನೆ ಎಷ್ಟು ಷೇರು ಎಂಬುದಲ್ಲ, ತಮಗಿಂತ ಮುಂದೆ ಸಾಲಿನಲ್ಲಿ ನಿಂತವರು ಯಾರು ಎಂಬುದು.

ಕೆಲಸದ ವೇಳೆಯದೂ ಇಂಥದೇ ಕಥೆ. ಮಾಹಿತಿ ತಂತ್ರಜ್ಞಾನ ಕಂಪೆನಿಗಳಿಗೂ ನವೋದ್ಯಮಗಳಿಗೂ ಕರ್ನಾಟಕ ಸರ್ಕಾರ 2014ರಲ್ಲಿ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಷರತ್ತುಗಳೊಂದಿಗೆ ವಿನಾಯಿತಿ ಕೊಟ್ಟು, 2019 ಮತ್ತು 2024ರಲ್ಲಿ ಮುಂದುವರಿಸಿತು. 2024ರಲ್ಲಿ ದಿನದ ದುಡಿಮೆಯನ್ನು ಹೆಚ್ಚುವರಿ ವೇಳೆಯೂ ಸೇರಿ ಹದಿನಾಲ್ಕು ಗಂಟೆಗೆ ಏರಿಸುವ ಪ್ರಸ್ತಾಪ ಬಂದಾಗ ಬೀದಿಗಿಳಿದದ್ದು 2017ರಲ್ಲಿ ಹುಟ್ಟಿದ ಐ.ಟಿ. ನೌಕರರ ಸಂಘ.

ಇವರೆಲ್ಲ ಕಚೇರಿಯ ಒಳಗಿನವರು. ಹೊರಗೆ, ಬಿಸಿಲಲ್ಲಿ, ಬೈಕಿನ ಮೇಲೆ ಕುಳಿತವರೂ ಇದೇ ಉದ್ಯಮದ ಭಾಗ. ವಾಟ್ಸಾಪ್ ಗುಂಪೊಂದರಿಂದ ಆರಂಭವಾದ ಬೆಂಗಳೂರಿನ ಡಂಜೊ, ಮನೆಗೆ ಸಾಮಾನು ತಂದುಕೊಡುವುದನ್ನೇ ವ್ಯಾಪಾರ ಮಾಡಿ 2017ರಲ್ಲಿ ಗೂಗಲ್‌ನ ಹಣ, 2022ರಲ್ಲಿ ರಿಲಯನ್ಸ್ ರಿಟೇಲ್‌ನ ಹಣ ಪಡೆಯಿತು. 2023ರಲ್ಲಿ ಅಲ್ಲಿನ ನೌಕರರ ಸಂಬಳ ತಡವಾಗತೊಡಗಿತು. 2025ರ ಜನವರಿಯಲ್ಲಿ ಆ್ಯಪ್ ನಿಂತಿತು. ಇಂಥ ಕಂಪೆನಿಗಳಲ್ಲಿ ಸಾಮಾನು ಹೊತ್ತು ಓಡುವವರನ್ನು ನೌಕರರೆಂದು ಕರೆಯುವುದಿಲ್ಲ, ‘ಪಾಲುದಾರ’ ಎನ್ನುತ್ತಾರೆ. ಷೇರಿನಲ್ಲಿ ಪಾಲಿಲ್ಲದ ಪಾಲುದಾರ! ಅವರಿಗಾಗಿ ಕರ್ನಾಟಕ 2025ರಲ್ಲಿ ಒಂದು ಕಾಯ್ದೆ ತಂದಿದೆ. ಅದರಂತೆ ಪ್ರತಿ ವ್ಯವಹಾರದಲ್ಲಿ ಅವರಿಗೆ ಕೊಡುವ ಹಣದ ಮೇಲೆ ಶೇಕಡಾ ಒಂದರಿಂದ ಐದರಷ್ಟು ಕಲ್ಯಾಣ ಶುಲ್ಕವನ್ನು ಕಂಪೆನಿ ಕಟ್ಟಬೇಕು. ಆ್ಯಪ್‌ನಿಂದ ಒಬ್ಬನನ್ನು ತೆಗೆದುಹಾಕುವ ಮುನ್ನ ಕಾರಣವನ್ನು ಬರಹದಲ್ಲಿ ತಿಳಿಸಿ ಹದಿನಾಲ್ಕು ದಿನಗಳ ನೋಟೀಸು ಕೊಡಬೇಕು. ಅಲ್ಲಿಯವರೆಗೆ ಬೆಳಗ್ಗೆ ಎದ್ದು ಫೋನು ತೆರೆದಾಗ ತನ್ನ ಖಾತೆ ಮುಚ್ಚಿದೆ ಎಂದು ತಿಳಿಯುವುದೇ ಅವನಿಗೆ ಸಿಗುತ್ತಿದ್ದ ನೋಟೀಸು.