ವಿದ್ಯಾವಂತ ತರುಣರ ಅಳಲೂ ದೇಶದ ಐಕಮತ್ಯವೂ

(ಮಹೋತ್ಸವದ ಸಭೆಯಲ್ಲಿ ನಡೆದ ಉಪನ್ಯಾಸ)



ಅರಸೀಕೆರೆಯ ರೈಲು ಕೂಡುನಿಲ್ದಾಣದಲ್ಲಿ ಒಂದು ಜಾವದ ಹೊತ್ತು ನಿಂತು ನೋಡಿದವರಿಗೆ ಕನ್ನಡನಾಡಿನ ಸದ್ಯದ ಸ್ಥಿತಿಯು ಅರ್ಧದಷ್ಟಾದರೂ ತಿಳಿಯದೆ ಇರಲಾರದು. ಹುಬ್ಬಳ್ಳಿ ಹಾವೇರಿಗಳ ಮಾರ್ಗವೂ ಹಾಸನ ಮೈಸೂರುಗಳ ಮಾರ್ಗವೂ ಇಲ್ಲಿ ಕೂಡುತ್ತವೆ. ಬೆಂಗಳೂರಿಗೆ ಹೋಗುವ ಗಾಡಿಯಲ್ಲಿ ಪದವಿಯ ಪ್ರಮಾಣಪತ್ರಗಳನ್ನು ಚೀಲದೊಳಗಿಟ್ಟುಕೊಂಡು ಕೆಲಸವನ್ನರಸಿ ಹೊರಟ ತರುಣರು ಎದುರುಬದುರಾಗಿ ಕುಳಿತಿರುತ್ತಾರೆ. ಉತ್ತರದಿಂದ ಬಂದವನು “ಇದ್ದಬದ್ದದ್ದೆಲ್ಲ ಬೆಂಗಳೂರಿಗೇ ಆಯಿತಲ್ಲ, ನಮ್ಮ ಕಡೆಗೇನು ಉಳಿಯಿತಣ್ಣಾ?” ಎನ್ನುತ್ತಾನೆ. ಅರಸೀಕೆರೆಯ ಬಯಲುಸೀಮೆಯಲ್ಲಿ ಹುಟ್ಟಿದವನು “ನಿಮಗೆ ಮೀಸಲಾತಿಯಾದರೂ ಸಿಕ್ಕಿತು, ನಮ್ಮ ತೆಂಗಿನ ತೋಟಕ್ಕೆ ನೀರೇ ಇಲ್ಲ” ಎಂದು ಮರುನುಡಿಯುತ್ತಾನೆ. ತಿಪಟೂರು ದಾಟುವ ವೇಳೆಗೆ ಇಬ್ಬರೂ ಒಂದೇ ಮಾತಿಗೆ ಬಂದು ನಿಲ್ಲುತ್ತಾರೆ: ದೆಹಲಿಯವರು ಇಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು!

ಇಂಥ ಮಾತುಗಳನ್ನು ಕೇಳಿದೊಡನೆಯೇ ಹಿರಿಯರಲ್ಲಿ ಕೆಲವರು, ಇದು ದೇಶದ ಐಕಮತ್ಯಕ್ಕೆ ಕುಂದು ತರತಕ್ಕದ್ದೆಂದು ತರುಣರನ್ನು ಗದರಿಸುವುದುಂಟು. ಗದರಿಸುವುದು ಸುಲಭ. ಆದರೆ ಅಳಲು ನಿಜವೋ ಅಲ್ಲವೋ ಎಂಬುದನ್ನು ಮೊದಲು ವಿಚಾರಮಾಡಬೇಕಷ್ಟೆ. ಹಸಿದವನು ಹಸಿವೆಂದು ಹೇಳಿದರೆ ಅದು ಮನೆಯ ಒಡಕಲ್ಲ. ಪಕ್ಕದವನ ಎಲೆಯಲ್ಲಿರುವ ಅನ್ನವೆಲ್ಲವೂ ತನ್ನಿಂದ ಕಸಿದದ್ದೆಂದು ಅವನು ನಂಬುವುದಕ್ಕೆ ತೊಡಗಿದಾಗ ಒಡಕು ಆರಂಭವಾಗುತ್ತದೆ. ಈ ಎರಡರ ನಡುವಣ ಭೇದವನ್ನು ತಿಳಿಯಬೇಕಾದವನು ವಿದ್ಯಾವಂತನೇ. ಓದು ಬಾರದವನು ಸಿಟ್ಟಿನಲ್ಲಿ ಆಡಿದ ಮಾತು ಸಂತೆಯೊಡನೆ ಮುಗಿಯುತ್ತದೆ. ಓದಿದವನು ಆಡಿದ್ದು ಬರಹವಾಗಿ ನಿಲ್ಲುತ್ತದೆ.

ಈ ಸೀಮೆಯ ತರುಣರಿಗೆ ಬೇಲೂರು ಹಳೇಬೀಡುಗಳ ಹೆಮ್ಮೆ ಸಹಜವಾದದ್ದು. 2023ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಮೇಲೆ ಆ ಹೆಮ್ಮೆಯು ಇಮ್ಮಡಿಯಾಯಿತು. ಆದರೆ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯಲ್ಲಿ ಮದನಿಕೆಯರ ಪೀಠಗಳ ಮೇಲಿನ ಅಕ್ಷರಗಳನ್ನು ಓದಿದವರು ಎಷ್ಟು ಮಂದಿ? ಬಳ್ಳಿಗಾವೆಯ ದಾಸೋಜನೂ ಅವನ ಮಗನಾದ ಚಾವಣನೂ ಅಲ್ಲಿ ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ತಂದೆಯು ನಾಲ್ಕನ್ನೂ ಮಗನು ಐದನ್ನೂ ಕಡೆದನೆಂದು ವಿದ್ವಾಂಸರು ಎಣಿಸಿದ್ದಾರೆ. ಬಳ್ಳಿಗಾವೆಯು ಈಗಿನ ಶಿವಮೊಗ್ಗ ಜಿಲ್ಲೆಯದು. ಆ ಕಾಲದಲ್ಲಿ ಕಲ್ಯಾಣದ ಚಾಲುಕ್ಯರ ಬನವಾಸಿನಾಡಿನ ಪಟ್ಟಣ. ಹೊರಗಿನವನ ಉಳಿಯು ಬೇಡವೆಂದು ಬೇಲೂರಿನವರು ಅಂದು ಹಟ ಹಿಡಿದಿದ್ದರೆ ಇಂದು ತೋರಿಸುವುದಕ್ಕೆ ಎಷ್ಟು ಉಳಿಯುತ್ತಿತ್ತೆಂಬುದನ್ನು ಊಹಿಸಬಹುದು.

ಶಿವಭಕ್ತರ ಪರಂಪರೆಯಲ್ಲಿ ಇದಕ್ಕಿಂತ ಹತ್ತಿರದ ಸಂಗತಿಯಿದೆ. ಹರಿಹರ ಕವಿಯು ದೋರಸಮುದ್ರದ, ಎಂದರೆ ಈಗಿನ ಹಳೇಬೀಡಿನ, ಅರಮನೆಯಲ್ಲಿ ಕರಣಿಕನಾಗಿದ್ದು, ಆ ಲೆಕ್ಕವನ್ನು ಬಿಟ್ಟು ಹಂಪೆಯ ವಿರೂಪಾಕ್ಷನ ಬಳಿಗೆ ಹೋದನೆಂದು ಸಂಪ್ರದಾಯವು ಹೇಳುತ್ತದೆ. ಕೆರೆಯ ಪದ್ಮರಸನು ಅದೇ ಅರಮನೆಯಲ್ಲಿ ಮಂತ್ರಿಯಾಗಿದ್ದು ಬೇಲೂರಿನಲ್ಲಿ ಕೆರೆಯನ್ನು ಕಟ್ಟಿಸಿದ್ದರಿಂದ ಆ ಹೆಸರನ್ನು ಪಡೆದನೆಂದೂ ಹೇಳಿಕೆಯುಂಟು. ಬಸವಣ್ಣನವರ ಹುಟ್ಟೂರು ಬಾಗೇವಾಡಿ, ಐಕ್ಯಸ್ಥಳ ಕೂಡಲಸಂಗಮ, ಅನುಭವಮಂಟಪದ ಕಲ್ಯಾಣ, ಇವು ಮೂರೂ ಉತ್ತರದಲ್ಲಿವೆ. ಕಲ್ಯಾಣವಂತೂ ಅತ್ಯಂತ ಹಿಂದುಳಿದವೆಂದು ಎಣಿಕೆಗೊಂಡ ಸೀಮೆಯಲ್ಲಿಯೇ ಇದೆ. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದು ಕಟ್ಟಿಗೆಯ ಕಾಯಕ ಕೈಕೊಂಡ ಮೋಳಿಗೆಯ ಮಾರಯ್ಯನ ಕಥೆಯನ್ನೂ ಸೌರಾಷ್ಟ್ರದಿಂದ ಬಂದ ಆದಯ್ಯನ ಕಥೆಯನ್ನೂ ಪುರಾಣದಲ್ಲಿ ಕೇಳಿ ಕೈಮುಗಿಯುವ ಮನೆಯ ಹುಡುಗನು, ಬೀದರಿನವನನ್ನು ಪರಸ್ಥಳದವನೆಂದು ಕಾಣುವುದು ವಿಚಿತ್ರವೇ ಸರಿ.

ಮನೆಯೊಳಗಿನ ಒಡಕು ಏನು ಮಾಡುತ್ತದೆಂಬುದಕ್ಕೆ ಹಳೇಬೀಡಿನ ಹಾಳುಬಿದ್ದ ಕೋಟೆಯೇ ಸಾಕ್ಷಿ. ಸೋಮೇಶ್ವರನು ತಮಿಳುನಾಡಿನ ಕಣ್ಣನೂರಿನಲ್ಲಿ ಬಹುಕಾಲ ನಿಂತಿದ್ದನು. ಅವನ ತರುವಾಯ ರಾಜ್ಯವು ಎರಡಾಗಿ, ದೋರಸಮುದ್ರವು ಮೂರನೆಯ ನರಸಿಂಹನಿಗೂ ಕಣ್ಣನೂರು ರಾಮನಾಥನಿಗೂ ಹೋಯಿತು. ಅಣ್ಣತಮ್ಮಂದಿರು ಹತ್ತಾರು ವರ್ಷ ಒಬ್ಬರೊಡನೊಬ್ಬರು ಕಾದಿದರು. ನರಸಿಂಹನ ಮಗನಾದ ಮೂರನೆಯ ಬಲ್ಲಾಳನು ಹದಿನಾಲ್ಕನೆಯ ಶತಮಾನದ ಮೊದಲಿನಲ್ಲಿ ಎರಡನ್ನೂ ಮತ್ತೆ ಒಂದುಮಾಡಿದನು. ಆದರೆ ಅಷ್ಟರಲ್ಲಿ ಬಲವು ಕರಗಿತ್ತು. ಪಾಂಡ್ಯರಲ್ಲಿಯೂ ಇಂಥದೇ ದಾಯಾದಿ ಜಗಳ ಹುಟ್ಟಲಾಗಿ, ಅದರಲ್ಲಿ ಲಾಭವನ್ನರಸಿ ಬಲ್ಲಾಳನು ದಕ್ಷಿಣಕ್ಕೆ ದಂಡೆತ್ತಿ ಹೋಗಿದ್ದ ಸಮಯದಲ್ಲಿಯೇ, 1311ರಲ್ಲಿ, ಮಲಿಕ್ ಕಾಫರನ ಸೈನ್ಯವು ದೋರಸಮುದ್ರದ ಬಾಗಿಲಿಗೆ ಬಂದಿತು. ದೇವಗಿರಿ, ಓರುಗಲ್ಲು, ದೋರಸಮುದ್ರ, ಮಧುರೆ, ಈ ನಾಲ್ಕೂ ಒಂದರ ತರುವಾಯ ಒಂದಾಗಿ ಬಗ್ಗಿದವು. ನಾಲ್ವರೂ ಕೂಡಿ ಎದುರಿಸಲಿಲ್ಲ. ಅರಸರ ಜಗಳಕ್ಕೂ ಇಂದಿನ ಪ್ರಜೆಗಳ ಅಹವಾಲಿಗೂ ಎಲ್ಲ ವಿಷಯದಲ್ಲಿಯೂ ಸಾಮ್ಯವಿಲ್ಲ. ಆ ಅರಸರಿಗೆ ಬೇಕಾಗಿದ್ದದ್ದು ಕಪ್ಪಕಾಣಿಕೆ, ಈ ತರುಣರಿಗೆ ಬೇಕಾಗಿರುವುದು ಕೆಲಸ.

ಇನ್ನು ಈಚಿನ ಕಾಲಕ್ಕೆ ಬರೋಣವಾಗಲಿ. ಮೈಸೂರು ಸೀಮೆಯ ವಿದ್ಯಾವಂತರಿಗೂ ಒಂದು ಕಾಲದಲ್ಲಿ ಇಂಥದೇ ಅಳಲಿತ್ತೆಂಬುದನ್ನು ಇಂದಿನವರು ಮರೆತಿದ್ದಾರೆ. 1881ರಲ್ಲಿ ರಾಜ್ಯವು ಒಡೆಯರಿಗೆ ಹಿಂದಿರುಗಿದಮೇಲೆ ದೊಡ್ಡ ಹುದ್ದೆಗಳೆಲ್ಲವೂ ಮದರಾಸಿನ ಕಡೆಯವರಿಗೇ ಹೋಗುತ್ತಿವೆಯೆಂದು ಮೈಸೂರಿನವರು ಬಹುಕಾಲ ಕೂಗಿದರು. ಆ ಕೂಗು ಇನ್ನೂ ಅಡಗುವ ಮೊದಲೇ, ಹುದ್ದೆಗಳು ಒಂದೇ ವರ್ಗದವರ ಪಾಲಾಗುತ್ತಿವೆಯೆಂದು ಒಕ್ಕಲಿಗರು, ಲಿಂಗಾಯತರು, ಮುಸಲ್ಮಾನರು ಮೊದಲಾದವರು ಮೊರೆಯಿಟ್ಟರು. 1918ರಲ್ಲಿ ನ್ಯಾಯಾಧೀಶ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯು ನೇಮಕವಾಯಿತು. ವಿದ್ಯಾರ್ಥಿನಿಲಯಗಳು ಊರೂರಿಗೆ ಹುಟ್ಟಿಕೊಂಡದ್ದು ಆ ಕಾಲದಲ್ಲಿಯೇ. ಅಂದು ಅಹವಾಲನ್ನು ಹೇಳಿಕೊಂಡವರ ಮೊಮ್ಮಕ್ಕಳು ಇಂದು ಇನ್ನೊಬ್ಬರ ಅಹವಾಲನ್ನು ಕೇಳಿ ಹುಬ್ಬುಗಂಟಿಕ್ಕುವುದುಂಟು!

ಏಕೀಕರಣದ ಕಥೆಯಲ್ಲಿಯೂ ಸಂಕೋಚದಿಂದ ಹೇಳಬೇಕಾದ ಒಂದು ಭಾಗವಿದೆ. ಮುಂಬಯಿ, ಮದರಾಸು, ನಿಜಾಮರ ಹೈದರಾಬಾದು, ಕೊಡಗು, ಮೈಸೂರು, ಇವಲ್ಲದೆ ಸೊಂಡೂರು ಜಮಖಂಡಿ ಮುಧೋಳಗಳಂಥ ಚಿಕ್ಕ ಸಂಸ್ಥಾನಗಳು, ಹೀಗೆ ಇಪ್ಪತ್ತರಷ್ಟು ಆಡಳಿತಗಳಲ್ಲಿ ಕನ್ನಡಿಗರು ಹಂಚಿಹೋಗಿದ್ದರು. ಎಲ್ಲರೂ ಒಂದಾಗಬೇಕೆಂದು ಧಾರವಾಡದ ಕಡೆಯವರು 1890ರ ವಿದ್ಯಾವರ್ಧಕ ಸಂಘದ ಕಾಲದಿಂದಲೂ ದುಡಿದರು. ಆಲೂರು ವೆಂಕಟರಾಯರು ಅದಕ್ಕಾಗಿಯೇ ಬಾಳನ್ನು ಸವೆಸಿದರು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕುಳಿತರು. ಆ ಏಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ಗಲಭೆಯೂ ಆಯಿತು. ಇತ್ತ ಮೈಸೂರು ಸೀಮೆಯಲ್ಲಿ ಅನೇಕರು ಹಿಂಜರಿದರು. ಬಡ ಜಿಲ್ಲೆಗಳು ಬಂದು ಸೇರಿದರೆ ಮೈಸೂರಿನ ಏಳಿಗೆಯು ಕುಂದುವುದೆಂಬುದು ಬಾಯಲ್ಲಿ ಹೇಳುತ್ತಿದ್ದ ಕಾರಣ. ಇನ್ನೊಂದು ಕಾರಣವನ್ನು ಫಜಲ್ ಅಲಿ ಆಯೋಗವು 1955ರ ವರದಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆಯಿತು: ಉತ್ತರದಲ್ಲಿ ಲಿಂಗಾಯತರ ಸಂಖ್ಯೆ ಹೆಚ್ಚಾಗಿರುವುದರಿಂದ ಒಂದುಗೂಡಿದ ರಾಜ್ಯದಲ್ಲಿ ಅವರ ಪ್ರಾಬಲ್ಯವೇ ಆದೀತೆಂಬ ಶಂಕೆ. ಈ ಶಂಕೆಯನ್ನು ಆಯೋಗವು ತೂಗಿನೋಡಿ, ಏಕೀಕರಣವನ್ನು ತಡೆಯುವುದಕ್ಕೆ ಇದು ಸಾಲದೆಂದು ತೀರ್ಮಾನಿಸಿತು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮ ಸೀಮೆಯ ಅನೇಕರ ಅಸಮಾಧಾನವನ್ನು ತಲೆಯಮೇಲೆ ಹೊತ್ತುಕೊಂಡು ಏಕೀಕರಣದ ಪಕ್ಷವನ್ನು ಹಿಡಿದರು. 1956ನೆಯ ನವೆಂಬರು 1ರಂದು ರಾಜ್ಯವು ಒಂದಾಯಿತು. ಕಾಸರಗೋಡು ಹೊರಗುಳಿಯಿತು, ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿದರೂ ಅದು ನಡೆಯಲಿಲ್ಲ. ಮಠದ ಶಿಷ್ಯರಾದವರು ಆ ಹಳೆಯ ಶಂಕೆಯನ್ನು ಕೇಳಿ ಕೋಪಗೊಳ್ಳುವುದಕ್ಕಿಂತ, ಅದಕ್ಕೆ ತಮ್ಮ ನಡತೆಯಲ್ಲಿ ಎಡೆಗೊಡದಿರುವುದೇ ಲೇಸು.

ಒಂದಾದಮೇಲೆ ಕೊಟ್ಟ ಮಾತು ನಡೆಯಿತೇ ಎಂಬುದು ಉತ್ತರದ ತರುಣರ ಪ್ರಶ್ನೆ. ಮೈಸೂರಿಗೆ 1916ರಲ್ಲಿಯೇ ವಿಶ್ವವಿದ್ಯಾನಿಲಯವು ಬಂದಿತ್ತು. ಕಲಬುರ್ಗಿಗೆ ಅದು ಬಂದದ್ದು 1980ರಲ್ಲಿ. ಈ ಅರುವತ್ತುನಾಲ್ಕು ವರ್ಷಗಳೆಂದರೆ ಎರಡು ಮೂರು ತಲೆಮಾರುಗಳ ಓದು. ಅದಕ್ಕೂ ಮೊದಲು ನಿಜಾಮರ ಆಳಿಕೆಯಲ್ಲಿ ಉರ್ದುವಿನಲ್ಲಿಯೇ ಓದಬೇಕಾಗಿದ್ದ ಕನ್ನಡ ಮಕ್ಕಳ ಪಾಡನ್ನು ಹೇಳಲವಶ್ಯವಿಲ್ಲ. ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ವರದಿಯನ್ನು ಒಪ್ಪಿಸಿತು. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 26 ಉತ್ತರದವು ಎಂದು ಅದು ಲೆಕ್ಕ ಹಾಕಿತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳನ್ನು ವಿನಿಯೋಗಿಸಬೇಕೆಂದೂ ಹೇಳಿತು. 371ನೆಯ ವಿಧಿಗೆ ‘ಜೆ’ ಎಂಬ ಭಾಗವು ಸೇರಿ, ಕಲ್ಯಾಣದ ಸೀಮೆಯವರಿಗೆ ಓದಿನಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ದೊರೆತದ್ದು 2013ರಲ್ಲಿ. ಹುಬ್ಬಳ್ಳಿಯ ಗಾಡಿಯಲ್ಲಿ ಬಂದವನ ಅಳಲು ಕಟ್ಟುಕಥೆಯಲ್ಲವೆಂಬುದಕ್ಕೆ ಇಷ್ಟು ಸಾಕು.

ಆದರೆ ಅದೇ ವರದಿಯ ಮತ್ತೊಂದು ಎಣಿಕೆಯನ್ನು ಎರಡು ಕಡೆಯವರೂ ಬಿಟ್ಟು ಓದುತ್ತಾರೆ. 114ರಲ್ಲಿ 55 ತಾಲ್ಲೂಕುಗಳು ದಕ್ಷಿಣದವೇ! ಬಡತನಕ್ಕೆ ತುಂಗಭದ್ರೆಯ ಗಡಿಯಿಲ್ಲ. ಹಾಸನ ಜಿಲ್ಲೆಯನ್ನೇ ನೋಡಬಹುದು. ಸಕಲೇಶಪುರದ ಘಟ್ಟದ ಅಂಚಿನಲ್ಲಿ ಕಾಫಿ ಏಲಕ್ಕಿಗಳನ್ನು ತೊಯ್ಯಿಸುವ ಮಳೆಯು ಬೇಲೂರಿನಲ್ಲಿ ಇಳಿದು, ಹಳೇಬೀಡಿನಲ್ಲಿ ಸೊರಗಿ, ಅರಸೀಕೆರೆಗೆ ಬರುವಷ್ಟರಲ್ಲಿ ಹನಿಯಾಗುತ್ತದೆ. ಅರಸಿಯೊಬ್ಬಳ ಕೆರೆಯಿಂದ ಹೆಸರು ಪಡೆದ ಊರಿನಲ್ಲಿ ಕೊಳವೆಬಾವಿಯನ್ನು ಕೊರೆಸಿ ಕೊರೆಸಿ ಸಾಲಗಾರರಾದವರುಂಟು. ಎತ್ತಿನಹೊಳೆಯ ಯೋಜನೆಯು ಘಟ್ಟದ ಹಳ್ಳಗಳ 24 ಟಿ.ಎಂ.ಸಿ. ನೀರನ್ನು ಎತ್ತಿ, ಹಾಸನ ತುಮಕೂರು ಕೋಲಾರ ಮೊದಲಾದ ಬಯಲುಸೀಮೆಗೆ ಹರಿಸತಕ್ಕದ್ದೆಂದು ಹೊರಟಿತು. ಅದರ ಮೊದಲನೆಯ ಹಂತವು 2024ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಅದಕ್ಕೆ ದಕ್ಷಿಣ ಕನ್ನಡದ ವಿದ್ಯಾವಂತರು, ನೇತ್ರಾವತಿಯು ಬತ್ತುವುದೆಂದು ಬಲವಾಗಿ ವಿರೋಧಿಸಿದರು. ಬಾಯಾರಿದವನೂ ಕನ್ನಡಿಗ, ಹೊಳೆಯು ಬತ್ತೀತೆಂದು ಅಂಜಿದವನೂ ಕನ್ನಡಿಗ. ಇಲ್ಲಿ ಯಾರನ್ನು ದ್ರೋಹಿಯೆನ್ನುವುದು? ನೀರಿನ ಅಳತೆಯನ್ನು ಬಲ್ಲವರು ಕುಳಿತು ತೀರಿಸಬೇಕಾದ ವಿಷಯವು ಬೀದಿಯ ಕೂಗಿನಿಂದ ತೀರುವುದಿಲ್ಲ.

ದೆಹಲಿಯ ಮಾತು ಇನ್ನೂ ಸೂಕ್ಷ್ಮವಾದದ್ದು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದೊಳಗೆ ಕರ್ನಾಟಕದ ಪಾಲು ಹದಿನಾಲ್ಕನೆಯ ಹಣಕಾಸು ಆಯೋಗದಲ್ಲಿ ಶೇಕಡ 4.713 ಇದ್ದದ್ದು, ಹದಿನೈದನೆಯದರಲ್ಲಿ 3.647ಕ್ಕೆ ಇಳಿಯಿತು. ಕನ್ನಡಿಗರಿಗೆ ಇದರಿಂದ ನೋವಾದದ್ದು ಸಹಜ. ಆದರೆ ಇಳಿದದ್ದಕ್ಕೆ ಮುಖ್ಯ ಕಾರಣವೇನು? ತಲಾ ವರಮಾನವು ಹೆಚ್ಚಿರುವ ರಾಜ್ಯಕ್ಕೆ ಕಡಿಮೆ, ಕಡಿಮೆಯಿರುವ ರಾಜ್ಯಕ್ಕೆ ಹೆಚ್ಚು ಎಂಬ ಸೂತ್ರ. ಹಂಚಿಕೆಯಲ್ಲಿ ಅದಕ್ಕೆ ನೂರಕ್ಕೆ 45 ಅಂಶ ತೂಕವಿತ್ತು. ಕಲಬುರ್ಗಿಯವನು ಬೆಂಗಳೂರಿನ ಎದುರಿಗೆ ಕೇಳುತ್ತಿರುವುದೂ ಇದೇ ಸೂತ್ರವನ್ನಲ್ಲವೇ? ಉಳ್ಳವನು ಇಲ್ಲದವನಿಗೆ ಕೊಡಲೆಂದು ವಿಧಾನಸೌಧದ ಮುಂದೆ ವಾದಿಸಿ, ಸಂಸತ್ತಿನ ಮುಂದೆ ದುಡಿದವನದೇ ದುಡ್ಡೆಂದು ವಾದಿಸುವುದಕ್ಕೆ ಎರಡು ತಕ್ಕಡಿ ಬೇಕಾಗುತ್ತದೆ. ಕೊಡುವುದಕ್ಕೂ ಒಂದು ಮಿತಿಯಿರಬೇಕು, ಜನಸಂಖ್ಯೆಯನ್ನು ಹಿಡಿತದಲ್ಲಿಟ್ಟ ರಾಜ್ಯವು ಅದಕ್ಕಾಗಿಯೇ ನಷ್ಟಪಡಬಾರದು ಎಂಬ ವಾದವು ನ್ಯಾಯವಾದದ್ದು. ಅದನ್ನು ಲೆಕ್ಕದೊಡನೆ ಮಂಡಿಸತಕ್ಕದ್ದು. ಬಿಹಾರದ ಕೂಲಿಯವನನ್ನು ಬೈದರೆ ಆ ವಾದಕ್ಕೆ ಒಂದು ಗುಲಗಂಜಿಯ ತೂಕವೂ ಕೂಡುವುದಿಲ್ಲ.

ಲೆಕ್ಕದೊಡನೆ ಮಂಡಿಸಿದ್ದು ಫಲಿಸಿದ ದೃಷ್ಟಾಂತಗಳೂ ಇಲ್ಲದಿಲ್ಲ. ಗ್ರಾಮೀಣ ಬ್ಯಾಂಕುಗಳ ಹುದ್ದೆಗೆ ನಡೆಯುತ್ತಿದ್ದ ಪರೀಕ್ಷೆಯು ಇಂಗ್ಲಿಷು ಹಿಂದಿಗಳಲ್ಲಿ ಮಾತ್ರವಿದ್ದು, ಹಳ್ಳಿಯ ಬ್ಯಾಂಕಿನಲ್ಲಿ ಹಳ್ಳಿಯವರ ನುಡಿಯರಿಯದವರು ಬಂದು ಕುಳಿತುಕೊಳ್ಳುವಂತಾಗಿತ್ತು. ಕನ್ನಡದ ತರುಣರು ಇದನ್ನು ಬಿಡದೆ ಕೇಳಿದರು. ಕೇಳಿದವರು ಕನ್ನಡಿಗರು ಮಾತ್ರವೇ ಅಲ್ಲ. 2019ರಲ್ಲಿ ಆ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿಯೂ ನಡೆಸುವುದಾಗಿ ಕೇಂದ್ರವು ಒಪ್ಪಿತು. ಕೇಂದ್ರದ ಸಶಸ್ತ್ರ ಪೊಲೀಸು ಪಡೆಗಳ ಪೇದೆಗಳ ಪರೀಕ್ಷೆಯೂ 2024ರಿಂದ ಹಾಗೆಯೇ ಆಯಿತು. ಗಡಿಯನ್ನು ಕಾಯುವುದಕ್ಕೆ ಹೋಗುವ ಬೇಲೂರಿನ ಹುಡುಗನು ಕನ್ನಡದಲ್ಲಿ ಉತ್ತರ ಬರೆದು ಹೋದರೆ ದೇಶದ ಐಕಮತ್ಯವು ಎಲ್ಲಿ ಸಡಿಲವಾಯಿತು? ಪಂಜಾಬಿಯವನಿಗೂ ಒರಿಯಾದವನಿಗೂ ಅದೇ ಅನುಕೂಲವು ಅದೇ ದಿನ ದೊರೆಯಿತು. ತನಗಾಗಿ ಬೇಡಿದ್ದು ಪರರಿಗೂ ಸಲ್ಲುವಂತಿದ್ದರೆ ಆ ಬೇಡಿಕೆಯು ನ್ಯಾಯವಾದದ್ದೆಂದು ತಿಳಿಯುವುದಕ್ಕೆ ಇದೊಂದು ಒರೆಗಲ್ಲು.

ಮಠಗಳ ಪಾಲಿಗೆ ಉಳಿಯುವ ಕಾರ್ಯವು ದೊಡ್ಡ ಮಾತಿನದಲ್ಲ. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರ ಕಾಲದಲ್ಲಿ ಸಾವಿರಾರು ಮಕ್ಕಳು ಜಾತಿಮತಗಳ ಭೇದವಿಲ್ಲದೆ ಉಂಡು ಓದಿದರು. ಅವರಲ್ಲಿ ಉತ್ತರದ ಬರದ ಜಿಲ್ಲೆಗಳಿಂದ ಬಂದವರೂ ಇದ್ದರು. ಜೋಳದ ರೊಟ್ಟಿಯಲ್ಲಿ ಬೆಳೆದವನೂ ರಾಗಿಯ ಮುದ್ದೆಯಲ್ಲಿ ಬೆಳೆದವನೂ ಒಂದೇ ಪಂಕ್ತಿಯಲ್ಲಿ ಕುಳಿತು, ಒಬ್ಬನ ಮಾತಿನ ಧಾಟಿಗೆ ಇನ್ನೊಬ್ಬನು ನಗುತ್ತ, ಆಮೇಲೆ ಅದನ್ನೇ ಕಲಿಯುತ್ತ ಹತ್ತು ವರ್ಷ ಕಳೆದರೆ, ಅಂಥವರು ಮುಂದೆ ಗಾಡಿಯಲ್ಲಿ ಎದುರುಬದುರಾದಾಗ ಆಡುವ ಜಗಳವೂ ಬೇರೆ ತೆರನಾದದ್ದೇ. ಈ ಸೀಮೆಯ ವಿದ್ಯಾರ್ಥಿನಿಲಯಗಳಲ್ಲಿ ರಾಯಚೂರು, ಯಾದಗಿರಿ, ಬೀದರುಗಳ ಮಕ್ಕಳಿಗಾಗಿ ನಾಲ್ಕಾರು ಕೋಣೆಗಳನ್ನು ಪ್ರತಿವರ್ಷವೂ ಮೀಸಲಿಡುವುದಕ್ಕೆ ಭಕ್ತರ ಅಡ್ಡಿಯೇನೂ ಇರಲಾರದು. ನಂಜುಂಡಪ್ಪನವರ ವರದಿಯ ಒಂದು ಪ್ರತಿಯನ್ನು ಆ ನಿಲಯಗಳ ಪುಸ್ತಕಭಂಡಾರದಲ್ಲಿಟ್ಟು, ಎರಡು ಕಡೆಯ ಹುಡುಗರೂ ಒಟ್ಟಿಗೆ ಕುಳಿತು ತಂತಮ್ಮ ತಾಲ್ಲೂಕಿನ ಪುಟವನ್ನು ತೆರೆದು ನೋಡುವಂತೆ ಏರ್ಪಾಟುಮಾಡಿದರೆ, ಅದಕ್ಕೆ ತಗಲುವ ಖರ್ಚು ಒಂದು ದಿನದ ಎಣ್ಣೆಬತ್ತಿಗಿಂತ ಹೆಚ್ಚಾಗದು.