ಮೊದಲು ಪುಡಿ, ಆಮೇಲೆ ಪಾತ್ರೆ



ಕಾಫಿ ಮಾಡುವುದೆಂದರೆ ಹುರಿದು ಪುಡಿ ಮಾಡಿದ ಬೀಜದ ಸಾರವನ್ನು ಬಿಸಿನೀರಿಗೆ ಇಳಿಸುವುದು. ಪಾತ್ರೆ ಅಂಗಡಿಯ ಫಿಲ್ಟರಿನಿಂದ ಹಿಡಿದು ಹತ್ತಾರು ಸಾವಿರ ರೂಪಾಯಿಯ ಯಂತ್ರದವರೆಗೆ ಎಲ್ಲವೂ ಮಾಡುವ ಕೆಲಸ ಇದೊಂದೇ. ಹಾಗಾದರೆ ಮನೆಗೆ ಯಾವುದು ಸರಿ? ಬೆಲೆ ನೋಡಿ ಇದನ್ನು ತೀರ್ಮಾನಿಸಲಾಗದು. ಪುಡಿ ಎಷ್ಟು ನುಣ್ಣಗಿದೆ, ನೀರು ಅದರೊಡನೆ ಎಷ್ಟು ಹೊತ್ತು ಇರುತ್ತದೆ, ಎಷ್ಟು ಒತ್ತಡದಲ್ಲಿ ಹಾಯುತ್ತದೆ ಎಂಬ ಮೂರು ಸಂಗತಿಗಳನ್ನು ನೋಡಬೇಕು.

ಎಲ್ಲಕ್ಕಿಂತ ಹಳೆಯ ಕ್ರಮ ಕುದಿಸುವುದು. ಕುದಿಯುವ ನೀರಿಗೆ ಪುಡಿ ಹಾಕಿ ಬಟ್ಟೆಯಲ್ಲಿ ಸೋಸುವ ಪದ್ಧತಿ ಕರ್ನಾಟಕದ ಮನೆಗಳಲ್ಲೂ ಇತ್ತು; ಈಗಲೂ ಅಲ್ಲಲ್ಲಿ ಇದೆ. ಇದಕ್ಕೆ ಖರ್ಚಿಲ್ಲ, ಹೆಚ್ಚು ಕಾಯಬೇಕಾಗಿಯೂ ಇಲ್ಲ. ಆದರೆ ಕುದಿತ ಹೆಚ್ಚಾದರೆ ಪರಿಮಳ ಆವಿಯೊಡನೆ ಹೋಗಿ ಕಹಿ ಉಳಿಯುತ್ತದೆ.

ಕಹಿ ಮತ್ತು ಚರಟದ ಈ ಕಾಟದಿಂದ ಬೇಸತ್ತ ಜರ್ಮನಿಯ ಡ್ರೆಸ್ಡೆನ್ ನಗರದ ಗೃಹಿಣಿ ಮೆಲಿಟಾ ಬೆಂಟ್ಸ್ ಒಂದು ಉಪಾಯ ಹುಡುಕಿದಳು. ಹಿತ್ತಾಳೆ ಪಾತ್ರೆಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಗನ ಶಾಲೆಯ ಪುಸ್ತಕದಲ್ಲಿದ್ದ ಮಸಿ ಹೀರುವ ಕಾಗದವನ್ನು ಅದರಲ್ಲಿಟ್ಟು ಕಾಫಿ ಇಳಿಸಿದಳು. 1908ರಲ್ಲಿ ಅದಕ್ಕೆ ಹಕ್ಕುಪತ್ರವನ್ನೂ ಪಡೆದಳು. ಕಾಗದ ಚರಟದ ಜೊತೆಗೆ ಬೀಜದ ಎಣ್ಣೆಯಂಶವನ್ನೂ ತಡೆಯುತ್ತದೆ. ಆ ಎಣ್ಣೆಯಲ್ಲಿರುವ ಕ್ಯಾಫೆಸ್ಟಾಲ್ ಎಂಬ ವಸ್ತು ರಕ್ತದ ಕೊಲೆಸ್ಟರಾಲನ್ನು ಏರಿಸುತ್ತದೆಂದು ಮುಂದೆ ಸಂಶೋಧನೆಗಳು ತೋರಿಸಿದವು. ಕೊಲೆಸ್ಟರಾಲಿನ ತೊಂದರೆ ಇದ್ದು ದಿನಕ್ಕೆ ನಾಲ್ಕೈದು ಸಲ ಕಾಫಿ ಕುಡಿಯುವವರು ಇದನ್ನು ಗಮನಿಸುವುದು ಒಳ್ಳೆಯದು. ಆದರೆ ಕಾಗದದಲ್ಲಿ ಇಳಿದ ಕಾಫಿ ತೆಳು. ಹಾಲು ಬೆರೆಸಿದರೆ ಅದರ ರುಚಿ ಹಾಲಿನಲ್ಲೇ ಮುಳುಗಿಹೋಗುತ್ತದೆ.

ಇಟಲಿಯಲ್ಲಿ ಅಲ್ಫೊನ್ಸೊ ಬಿಯಾಲೆಟ್ಟಿ 1933ರಲ್ಲಿ ಹೊರತಂದ ಅಲ್ಯುಮಿನಿಯಂನ ಮೋಕಾ ಪಾತ್ರೆ ತಿರುವುಮುರುವಾದದ್ದು. ಅದರಲ್ಲಿ ನೀರು ಮೇಲಿನಿಂದ ಇಳಿಯದೆ, ಕೆಳಗಿನಿಂದ ಆವಿಯ ಒತ್ತಡದಲ್ಲಿ ಪುಡಿಯ ಮೂಲಕ ಮೇಲೇರುತ್ತದೆ. ಐದಾರು ನಿಮಿಷದಲ್ಲಿ ಗಟ್ಟಿ ಕಾಫಿ ಸಿದ್ಧ. ಇದು ಹಾಲಿಗೂ ಒಗ್ಗುತ್ತದೆ. ಆದರೆ ಇದು ಅಳತೆಯ ಪಾತ್ರೆ. ಮೂರು ಬಟ್ಟಲಿನದಕ್ಕೆ ಒಂದು ಬಟ್ಟಲಿನಷ್ಟೇ ಪುಡಿ ಹಾಕಿದರೆ ಸರಿಬಾರದು. ಎಸ್‌ಪ್ರೆಸೊ ಯಂತ್ರದ ಒತ್ತಡ ಇದಕ್ಕಿಂತ ಹಲವು ಪಟ್ಟು ಹೆಚ್ಚು, ವಾಯುಮಂಡಲದ ಒತ್ತಡದ ಸುಮಾರು 9ರಷ್ಟು. ಅದಕ್ಕೆ ತಕ್ಕಂತೆ ಬೀಜ ಅರೆಯುವ ಯಂತ್ರವೂ ಬೇಕಾಗುವುದರಿಂದ ಖರ್ಚು ಒಂದಕ್ಕೇ ನಿಲ್ಲುವುದಿಲ್ಲ.

ಇನ್ನು ದಕ್ಷಿಣ ಭಾರತದ ಎರಡಂತಸ್ತಿನ ಫಿಲ್ಟರ್. ಮೇಲಿನ ತೂತಿನ ಪಾತ್ರೆಗೆ ಪುಡಿ ಹಾಕಿ, ಹಿಡಿಯಿರುವ ಬಿಲ್ಲೆಯಿಂದ ಹಗುರಾಗಿ ಒತ್ತಿ, ಬಿಸಿನೀರು ಹೊಯ್ದರೆ ಹನಿಹನಿಯಾಗಿ ಡಿಕಾಕ್ಷನ್ ಇಳಿಯುತ್ತದೆ. ಒತ್ತಡವಿಲ್ಲದ ಕಾರಣ ಕಾಲು ಗಂಟೆಯೋ ಅರ್ಧ ಗಂಟೆಯೋ ಬೇಕು. ಅದರ ದೋಷ ಈ ನಿಧಾನವೇ, ಗುಣವೂ ಅದೇ. ನೀರು ಹೊಯ್ದ ಮೇಲೆ ಯಾರೂ ಒಲೆಯ ಮುಂದೆ ನಿಲ್ಲಬೇಕಿಲ್ಲ. ಒಬ್ಬರು ಐದಕ್ಕೆ, ಇನ್ನೊಬ್ಬರು ಏಳಕ್ಕೆ ಏಳುವ ಮನೆಯಲ್ಲಿ, ಎಂಟಕ್ಕೆ ನೆಂಟರು ಬಂದರೂ ಹಾಲು ಕಾಯಿಸಿದರೆ ಸಾಕು. ಅಡುಗೆಮನೆಯ ಕೆಲಸವನ್ನೆಲ್ಲ ಒಬ್ಬಾಕೆಯೇ ಹೊತ್ತ ಮನೆಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಈ ಫಿಲ್ಟರಿಗೆ ಒಗ್ಗಿಕೊಂಡದ್ದು ಚಿಕೋರಿ. ಈ ಬೇರಿನ ಪುಡಿಯಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್ನಿಗೆ ಬಣ್ಣ ಮತ್ತು ಮಂದ ಕೊಡುತ್ತದೆ. ಭಾರತದ ನಿಯಮದಂತೆ ಬೆರಕೆ ಪುಡಿಯಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಕೂಡದು. ಪೊಟ್ಟಣದ ಮೇಲೆ ಪ್ರಮಾಣ ಅಚ್ಚಾಗಿರುತ್ತದೆ, ಓದುವವರು ಕಡಿಮೆ. ಅರ್ಧದಷ್ಟು ಚಿಕೋರಿ ಇರುವ ಪುಡಿ ತಂದು, ರುಚಿ ಬರಲಿಲ್ಲವೆಂದು ಯಂತ್ರ ಬದಲಿಸಿದರೆ ಹಣ ಹೋದಂತೆಯೇ. ನುಣ್ಣನೆಯ ಪುಡಿಯನ್ನು ಗಾಜಿನ ಫ್ರೆಂಚ್ ಪ್ರೆಸ್ಸಿಗೆ ಹಾಕಿದರೆ ಬಟ್ಟಲ ತುಂಬ ಗಸಿ. ತರಿ ಪುಡಿಯನ್ನು ಫಿಲ್ಟರಿಗೆ ಹಾಕಿದರೆ ನೀರು ಸರ್ರನೆ ಇಳಿದು ಡಿಕಾಕ್ಷನ್ ನೀರುನೀರು.

ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದಲ್ಲೇ ಬೆಳೆಯುತ್ತದೆ. ಬೀಜವನ್ನು ಕಣ್ಣೆದುರೇ ಪುಡಿ ಮಾಡಿಕೊಡುವ ಅಂಗಡಿಗಳು ಇಲ್ಲಿ ಊರೂರಲ್ಲಿವೆ. ಹಾಲಿನ ಕಾಫಿಯೋ ಬರಿಯ ಕಾಫಿಯೋ, ಮನೆಯಲ್ಲಿ ಕುಡಿಯುವವರೆಷ್ಟು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಅದಕ್ಕೆ ತಕ್ಕ ಪುಡಿಯನ್ನು ವಾರಕ್ಕೆ ಬೇಕಾದಷ್ಟೇ ತರಿಸುವುದು ಜಾಣತನ. ಅಷ್ಟು ಮಾಡಿದ ಮೇಲೂ ಮನೆಯ ಹಳೆಯ ಫಿಲ್ಟರ್ ಸಾಲದೆನಿಸಿದರೆ, ಆಗ ಅಂಗಡಿಗೆ ಹೋಗಬಹುದು.